ಫೋಟೊ ಬಿಡಿ, ಕಲ್ಲು ನೋಡಿ

ಚಂದ್ರಯಾನ-3 ಇಳಿದ ಮೇಲೆ ಬೆಂಗಳೂರಿನಲ್ಲಿ ಒಂದು ಪ್ರಶ್ನೆ ಎಲ್ಲೆಲ್ಲೂ ಕೇಳಿಬಂತು. ಆಟೋದವರು ಕೇಳಿದರು, ಆಫೀಸಿನಲ್ಲಿ ಟೀ ಕುಡಿಯುವಾಗ ಕೇಳಿದರು, ಮನೆಯವರ ವಾಟ್ಸಾಪ್ ಗುಂಪಿನಲ್ಲಂತೂ ಆಗಾಗ ತೇಲಿಬರುತ್ತಲೇ ಇದೆ. "ಈ ಕಾಲದಲ್ಲೂ ನಮ್ಮ ಇಸ್ರೋದವರಿಗೆ ಚಂದ್ರನ ಮೇಲೆ ಇಳಿಯೋಕೆ 40 ದಿನ ಬೇಕಾಯ್ತು. ಅಮೆರಿಕದವರು 1969ರಲ್ಲೇ, ಒಂದು ನೆಟ್ಟಗಿನ ಕಂಪ್ಯೂಟರ್ ಇಲ್ಲದೆ, ನಾಲ್ಕೇ ದಿನಕ್ಕೆ ಹೋಗಿಬಿಟ್ರಂತೆ. ನಂಬ್ತೀರಾ ಸಾರ್?"

ಇದನ್ನು ಕೇಳಿ ನಕ್ಕುಬಿಡುವವರು ಇದ್ದಾರೆ. ನನಗೆ ಮಾತ್ರ ಇದು ಒಳ್ಳೆಯ ಪ್ರಶ್ನೆ ಅನಿಸುತ್ತದೆ. ಚಂದ್ರನ ಮೇಲೆ ಮನುಷ್ಯ ಇಳಿದದ್ದೇ ಸುಳ್ಳು ಎನ್ನುವವರ ವಾದಗಳಲ್ಲಿ ಬಹಳಷ್ಟು ಹೀಗೇ ಇವೆ. ಸುಮ್ನೆ ತಳ್ಳಿಹಾಕುವಂಥವಲ್ಲ, ಕೂತು ಲೆಕ್ಕ ಹಾಕಿದರೆ ಉತ್ತರ ಸಿಗುವಂಥವು.

ಮೊದಲು ಈ 40 ದಿನದ ಲೆಕ್ಕವನ್ನೇ ನೋಡೋಣ. ಚಂದ್ರಯಾನ-3 ಹಾರಿದ್ದು 2023ರ ಜುಲೈ 14ಕ್ಕೆ. ಆಗಸ್ಟ್ 1ರ ನಡುರಾತ್ರಿಯವರೆಗೆ ಅದು ಭೂಮಿಯನ್ನೇ ಸುತ್ತುತ್ತಿತ್ತು. ಅಲ್ಲಿಂದ ಚಂದ್ರನ ಕಡೆ ಹೊರಟು, ಆಗಸ್ಟ್ 5ಕ್ಕೆ ಚಂದ್ರನ ಕಕ್ಷೆ ಸೇರಿತು. ಅಂದರೆ ದಾರಿ ಹಿಡಿದ ಮೇಲೆ ಪ್ರಯಾಣಕ್ಕೆ ತಗುಲಿದ್ದು ಸುಮಾರು ಐದು ದಿನ. 1969ರಲ್ಲಿ ಅಮೆರಿಕದ ಅಪೊಲೊ 11 ನೌಕೆ ಜುಲೈ 16ಕ್ಕೆ ಹೊರಟು 19ಕ್ಕೆ ಚಂದ್ರನ ಕಕ್ಷೆ ಸೇರಿತು. ಅಲ್ಲಿಗೆ ಅದು ಮೂರು ದಿನ, ಇದು ಐದು ದಿನ. ವ್ಯತ್ಯಾಸ ಅಷ್ಟೇ. ಉಳಿದ ದಿನಗಳು ಹೋದದ್ದು ಎರಡು ತುದಿಯಲ್ಲಿ. ಈ ಕಡೆ ಭೂಮಿಯ ಸುತ್ತ, ಆ ಕಡೆ ಚಂದ್ರನ ಸುತ್ತ.

ಈ ಕಡೆ ಯಾಕೆ ಸುತ್ತಬೇಕಾಯಿತು? ರಾಕೆಟ್ ಚಿಕ್ಕದು. ನಮ್ಮ ಎಲ್‌ವಿಎಂ-3 ಸುಮಾರು 640 ಟನ್ ತೂಕದ ರಾಕೆಟ್. ಅದು ಹೊತ್ತದ್ದು 3,900 ಕಿಲೋ. ಅಷ್ಟನ್ನು ಅದು ನೇರ ಚಂದ್ರನತ್ತ ಎಸೆಯಲಿಲ್ಲ, ಭೂಮಿಯ ಸುತ್ತ ಒಂದು ಉದ್ದನೆಯ ಕಕ್ಷೆಯಲ್ಲಿ ಬಿಟ್ಟಿತು. ಅಲ್ಲಿಂದ ನೌಕೆ ತನ್ನದೇ ಸಣ್ಣ ಎಂಜಿನ್ ಅನ್ನು ಮತ್ತೆ ಮತ್ತೆ ಹೊತ್ತಿಸಿ, ಪ್ರತಿ ಸಲವೂ ಕಕ್ಷೆಯನ್ನು ಇನ್ನಷ್ಟು ದೂರಕ್ಕೆ ಚಾಚಿಕೊಂಡಿತು. ಅಪೊಲೊದ ಸ್ಯಾಟರ್ನ್-5 ರಾಕೆಟ್‌ನ ತೂಕ 2,900 ಟನ್ ಹತ್ತಿರ. ಎತ್ತರ 110 ಮೀಟರ್, ಹೆಚ್ಚುಕಮ್ಮಿ ಎಂ.ಜಿ. ರಸ್ತೆಯ ಪಬ್ಲಿಕ್ ಯುಟಿಲಿಟಿ ಬಿಲ್ಡಿಂಗ್‌ನಷ್ಟು. ಅದು ಸುಮಾರು 45 ಟನ್ ಭಾರವನ್ನು ಒಂದೇ ಏಟಿಗೆ ಚಂದ್ರನ ದಾರಿಗೆ ಹಾಕುತ್ತಿತ್ತು. ಕಡಿಮೆ ಖರ್ಚಿನಲ್ಲಿ ಹೋಗಲು ನಾವು ನಿಧಾನದ ದಾರಿ ಹಿಡಿದೆವು. ಅವರಿಗೆ ಖರ್ಚಿನ ಚಿಂತೆ ಇರಲಿಲ್ಲ.

ಆ ಕಡೆಯ ಕಾಯುವಿಕೆಗೆ ಕಾರಣ ಬೆಳಕು. ನೆಲಕ್ಕೆ ಇಳಿಯಬೇಕಿದ್ದ ವಿಕ್ರಮ್ ಲ್ಯಾಂಡರ್ ನಡೆಯುತ್ತಿದ್ದದ್ದು ಸೌರಶಕ್ತಿಯಿಂದ. ಚಂದ್ರನ ಒಂದು ಹಗಲು ಎಂದರೆ ನಮ್ಮ 14 ದಿನ. ಬೆಳಗಾಗುತ್ತಿದ್ದಂತೆ ಇಳಿದರೆ ಪೂರ್ತಿ 14 ದಿನ ಕೆಲಸ ಮಾಡಬಹುದು. ಇಳಿಯುವ ಜಾಗದಲ್ಲಿ ಬೆಳಗಾದದ್ದು ಆಗಸ್ಟ್ 23ರ ಹೊತ್ತಿಗೆ. ಅಲ್ಲಿಯವರೆಗೆ ನೌಕೆ ಕಕ್ಷೆ ಇಳಿಸಿಕೊಳ್ಳುತ್ತಾ ಕಾಯಿತು.

ಇನ್ನೂ ಒಂದು ಕಾರಣವಿದೆ, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಮನುಷ್ಯರನ್ನು ಕೂರಿಸಿಕೊಂಡು ನಮ್ಮ ದಾರಿಯಲ್ಲಿ ಹೋಗುವಂತೆಯೇ ಇಲ್ಲ. ಯಾಕೆ ಅನ್ನುವುದಕ್ಕೆ ಸಂದೇಹದ ಇನ್ನೊಂದು ದೊಡ್ಡ ಪ್ರಶ್ನೆಗೆ ಬರಬೇಕು: ವ್ಯಾನ್ ಅಲೆನ್ ಪಟ್ಟಿಗಳು.

ಭೂಮಿಯ ಕಾಂತಕ್ಷೇತ್ರ ತನ್ನೊಳಗೆ ವೇಗದ ಪ್ರೋಟಾನು, ಎಲೆಕ್ಟ್ರಾನುಗಳನ್ನು ಹಿಡಿದಿಟ್ಟುಕೊಂಡಿದೆ. ಇವು ಭೂಮಿಯ ಸುತ್ತ ದಪ್ಪನೆಯ ಬಳೆಗಳ ಆಕಾರದಲ್ಲಿ ಹರಡಿವೆ. 1958ರಲ್ಲಿ ಎಕ್ಸ್‌ಪ್ಲೋರರ್-1 ಉಪಗ್ರಹ ಇವನ್ನು ಪತ್ತೆಮಾಡಿತು, ಅದರ ಉಪಕರಣ ಮಾಡಿದ ಜೇಮ್ಸ್ ವ್ಯಾನ್ ಅಲೆನ್ ಹೆಸರು ಬಂತು. "ಇವನ್ನು ದಾಟಿದ ಮನುಷ್ಯ ಬದುಕಿ ಬರೋಕೆ ಸಾಧ್ಯವೇ ಇಲ್ಲ" ಎನ್ನುವುದು ವಾದ. ವಿಕಿರಣ ಇರುವುದು ನಿಜ. ಆದರೆ ವಿಕಿರಣದಲ್ಲಿ ಕೇಳಬೇಕಾದ್ದು ಎರಡೇ ಮಾತು: ಎಷ್ಟು ತೀವ್ರ, ಎಷ್ಟು ಹೊತ್ತು. ಈ ಬಳೆಗಳು ಭೂಮಧ್ಯರೇಖೆಯ ಮೇಲ್ಗಡೆ ದಪ್ಪ, ಅತ್ತಿತ್ತ ಹೋದಂತೆ ತೆಳು. ಅಪೊಲೊದ ದಾರಿಯನ್ನು ಓರೆಯಾಗಿ ಹಾಕಿದ್ದರಿಂದ ತೀವ್ರ ಭಾಗ ಬದಿಗೆ ಉಳಿಯಿತು. ವೇಗವೂ ಶುರುವಿನಲ್ಲಿ ಸೆಕೆಂಡಿಗೆ 11 ಕಿಲೋಮೀಟರ್ ಹತ್ತಿರ. ಕೆಲವೇ ಗಂಟೆಗಳಲ್ಲಿ ದಾಟಿ ಆಚೆಗೆ ಹೋಗುತ್ತಿದ್ದರು.

ಗಗನಯಾತ್ರಿಗಳು ವಿಕಿರಣ ಅಳೆಯುವ ಮಾಪಕ ಹಾಕಿಕೊಂಡೇ ಹೋಗಿದ್ದರು. ಅಪೊಲೊ 11ರವರಿಗೆ ಇಡೀ ಪ್ರಯಾಣದಲ್ಲಿ ತಗುಲಿದ್ದು ಸರಾಸರಿ 1.8 ಮಿಲಿಗ್ರೇ (ಮೈ ಹೀರಿಕೊಂಡ ವಿಕಿರಣದ ಅಳತೆ). ಎಲ್ಲರಿಗಿಂತ ಜಾಸ್ತಿ ತಗುಲಿದ್ದು ಅಪೊಲೊ 14ರವರಿಗೆ, ಸುಮಾರು 11 ಮಿಲಿಗ್ರೇ. ಆಸ್ಪತ್ರೆಯಲ್ಲಿ ಹೊಟ್ಟೆಯ ಸಿಟಿ ಸ್ಕ್ಯಾನ್ ಒಂದೆರಡು ಸಲ ಮಾಡಿಸಿದರೆ ತಗುಲುವಷ್ಟು. ಜೀವಕ್ಕೇ ಅಪಾಯ ಎನ್ನುವ ಮಟ್ಟ ಇರುವುದು 4,000 ಮಿಲಿಗ್ರೇ ಆಸುಪಾಸಿನಲ್ಲಿ.

ಈಗ ಚಂದ್ರಯಾನ-3ರ ದಾರಿಗೆ ಹಿಂತಿರುಗಿ. ಅದು 17 ದಿನ ಭೂಮಿಯ ಹತ್ತಿರ ಬರುತ್ತಾ ದೂರ ಹೋಗುತ್ತಾ ಇದೇ ಪಟ್ಟಿಗಳನ್ನು ಮತ್ತೆ ಮತ್ತೆ ದಾಟಿತು. ಯಂತ್ರಕ್ಕೆ ತಕ್ಕ ರಕ್ಷಣೆ ಕೊಟ್ಟು ಕಳಿಸಬಹುದು. ಮೂರು ಜನರನ್ನು ಕೂರಿಸಿ, ಅವರಿಗೆ ಅಷ್ಟು ದಿನದ ಗಾಳಿ, ನೀರು, ಊಟ ಕಟ್ಟಿಕೊಟ್ಟು, ಹಾಗೆ ಸುತ್ತಿಸುವುದು ಹುಚ್ಚುತನ. ಅಪೊಲೊದವರಿಗೆ ಅಷ್ಟು ದೊಡ್ಡ ರಾಕೆಟ್ ಬೇಕಾದದ್ದೇ ಈ ಆತುರಕ್ಕೆ. "ನಾಲ್ಕೇ ದಿನಕ್ಕೆ ಹೇಗೆ ಹೋದರು?" ಮತ್ತು "ವಿಕಿರಣ ದಾಟಿ ಹೇಗೆ ಬದುಕಿದರು?" ಎಂಬ ಎರಡು ಪ್ರಶ್ನೆಗಳನ್ನು ಅಕ್ಕಪಕ್ಕ ಇಟ್ಟರೆ ಒಂದಕ್ಕೊಂದು ಉತ್ತರ ಹೇಳಿಕೊಳ್ಳುತ್ತವೆ.

ನಿಜವಾದ ಅಪಾಯ ಇದ್ದದ್ದು ಬೇರೆ ಕಡೆ. 1972ರ ಆಗಸ್ಟ್‌ನಲ್ಲಿ ಸೂರ್ಯನಲ್ಲಿ ಒಂದು ಭಾರಿ ಸ್ಫೋಟ ಆಯಿತು. ಅಪೊಲೊ 16 ಏಪ್ರಿಲ್‌ನಲ್ಲಿ ಮುಗಿದಿತ್ತು, 17 ಹೊರಟದ್ದು ಡಿಸೆಂಬರ್‌ನಲ್ಲಿ. ಆ ಹೊತ್ತಿನಲ್ಲಿ ಯಾರಾದರೂ ಚಂದ್ರನ ಮೇಲೆ ಓಡಾಡುತ್ತಿದ್ದರೆ ಕಥೆ ಕೆಟ್ಟುಹೋಗುತ್ತಿತ್ತು. ಅದೃಷ್ಟ ಅನ್ನಬೇಕು.

ಇಷ್ಟಕ್ಕೂ ಈ ಸಂದೇಹ ಹುಟ್ಟಿದ್ದು ಎಲ್ಲಿ? ನಮ್ಮಲ್ಲಂತೂ ಅಲ್ಲ. ಅಮೆರಿಕದಲ್ಲಿ ಬಿಲ್ ಕೇಸಿಂಗ್ ಎಂಬುವರು 1976ರಲ್ಲಿ ತಾವೇ ಒಂದು ಪುಸ್ತಕ ಅಚ್ಚು ಹಾಕಿಸಿ, ಇಡೀ ಅಪೊಲೊ ನಾಟಕ ಎಂದರು. ರಾಕೆಟ್ ಎಂಜಿನ್ ಮಾಡುವ ಕಂಪನಿಯಲ್ಲಿ ಅವರು ತಾಂತ್ರಿಕ ಬರವಣಿಗೆಯ ಕೆಲಸದಲ್ಲಿದ್ದರು, ಬಿಟ್ಟದ್ದು 1963ರಲ್ಲಿ. ವಿಯೆಟ್ನಾಂ ಯುದ್ಧ, ವಾಟರ್‌ಗೇಟ್ ಹಗರಣ ಎಲ್ಲ ನೋಡಿದ್ದ ಅಮೆರಿಕದ ಜನ ಸರ್ಕಾರದ ಯಾವ ಮಾತನ್ನೂ ನಂಬದ ಕಾಲ ಅದು. 2001ರಲ್ಲಿ ಅಲ್ಲಿನ ಒಂದು ಟಿವಿ ಚಾನೆಲ್ ಇದೇ ವಾದಗಳನ್ನು ಕಾರ್ಯಕ್ರಮ ಮಾಡಿ ತೋರಿಸಿತು. ಇಂಟರ್ನೆಟ್ ಉಳಿದದ್ದನ್ನು ಮಾಡಿತು. ನಮ್ಮ ವಾಟ್ಸಾಪ್‌ಗೆ ಬರುವ ಪಟ್ಟಿ ಬಹುಪಾಲು ಅದೇ: ಧ್ವಜ ಅಲುಗಾಡಿತು, ನಕ್ಷತ್ರ ಇಲ್ಲ, ನೆರಳು ವಕ್ರ.

ನಕ್ಷತ್ರದ ಪ್ರಶ್ನೆಗೆ ಉತ್ತರ ನಿಮ್ಮ ಮನೆ ತಾರಸಿ ಮೇಲೆಯೇ ಇದೆ. ಮೋಡ ಇಲ್ಲದ ರಾತ್ರಿ, ಹುಣ್ಣಿಮೆ ಹತ್ತಿರ ಇರುವಾಗ, ಫೋನನ್ನು ಚಂದ್ರನ ಕಡೆ ಹಿಡಿಯಿರಿ. ಮೊದಲು ಕಾಣುವುದು ಒಂದು ಬಿಳಿ ಉಂಡೆ, ಒಳಗೆ ಏನೂ ಗೊತ್ತಾಗುವುದಿಲ್ಲ. ಪರದೆಯ ಮೇಲೆ ಚಂದ್ರನನ್ನು ಒತ್ತಿ ಹಿಡಿದು ಬೆಳಕನ್ನು ಕೆಳಕ್ಕೆ ಎಳೆಯಿರಿ. ಎಳೆಯುತ್ತಾ ಹೋದಂತೆ ಪಕ್ಕದ ಮನೆಯ ಗೋಡೆ ಮರೆಯಾಗುತ್ತದೆ, ತೆಂಗಿನ ಗರಿ ಮರೆಯಾಗುತ್ತದೆ, ಆಕಾಶ ಕಪ್ಪಾಗುತ್ತದೆ. ಚಂದ್ರನ ಮೇಲಿನ ಕಪ್ಪು ಕಲೆಗಳು ಕಾಣುವ ಹೊತ್ತಿಗೆ ನಿಮ್ಮ ಕಣ್ಣಿಗೆ ಇನ್ನೂ ಕಾಣುತ್ತಿರುವ ಒಂದೆರಡು ನಕ್ಷತ್ರಗಳೂ ಫೋನಿನಲ್ಲಿ ಇರುವುದಿಲ್ಲ. ಬಿಸಿಲಲ್ಲಿ ಹೊಳೆಯುವ ಚಂದ್ರನ ನೆಲ ಸರಿಯಾಗಿ ಬರಬೇಕಾದರೆ ಕ್ಯಾಮೆರಾ ಕಣ್ಣು ತೆರೆಯಬೇಕಾದ್ದು ಸೆಕೆಂಡಿನ ಇನ್ನೂರೈವತ್ತನೇ ಒಂದು ಭಾಗದಷ್ಟು. ಅಷ್ಟರಲ್ಲಿ ನಕ್ಷತ್ರದ ಬೆಳಕು ಫಿಲ್ಮಿನ ಮೇಲೆ ಗುರುತು ಮೂಡಿಸುವುದಿಲ್ಲ. ಅಪೊಲೊದವರು ಇಳಿದದ್ದು ಅಲ್ಲಿನ ಬೆಳಗ್ಗೆಯಲ್ಲಿ, ಬಿಸಿಲಿನಲ್ಲಿ. ಗಾಳಿ ಇಲ್ಲದ್ದರಿಂದ ಆಕಾಶ ಕಪ್ಪಗಿತ್ತು, ಅಷ್ಟೇ.

ಧ್ವಜದ ವಿಷಯ ಬೇಗ ಮುಗಿಯುತ್ತದೆ. ಗಾಳಿ ಇಲ್ಲದ ಕಡೆ ಬಟ್ಟೆ ಜೋತುಬೀಳುತ್ತದೆ ಎಂದು ಗೊತ್ತಿದ್ದರಿಂದಲೇ ಮೇಲಂಚಿಗೆ ಅಡ್ಡಲಾಗಿ ಒಂದು ಕೋಲು ಹಾಕಿದ್ದರು. ಅಪೊಲೊ 11ರಲ್ಲಿ ಆ ಕೋಲು ಪೂರ್ತಿ ಚಾಚಲಿಲ್ಲ, ಬಟ್ಟೆ ಸುಕ್ಕಾಗಿ ನಿಂತಿತು. ಫೋಟೊದಲ್ಲಿ ಅದು ಹಾರಾಡಿದಂತೆ ಕಾಣುತ್ತದೆ. ವಿಡಿಯೊದಲ್ಲಿ ಅದು ಅಲುಗುವುದು ಕಂಬವನ್ನು ನೆಲಕ್ಕೆ ತಿರುಗಿಸಿ ತಿರುಗಿಸಿ ಚುಚ್ಚುವಾಗ. ತಡೆಯಲು ಗಾಳಿ ಇಲ್ಲದ್ದರಿಂದ ಆ ಅಲುಗಾಟ ನಿಲ್ಲುವುದೂ ನಿಧಾನ.

ನೆರಳುಗಳ ವಾದ ನನಗೆ ಇಷ್ಟ, ಯಾಕೆಂದರೆ ಅದು ಹೇಳಿದವರಿಗೇ ತಿರುಗಿಬೀಳುತ್ತದೆ. ನೆರಳುಗಳು ಒಂದಕ್ಕೊಂದು ಸಮಾನಾಂತರವಾಗಿಲ್ಲ, ಆದ್ದರಿಂದ ಸ್ಟುಡಿಯೊದಲ್ಲಿ ನಾಲ್ಕಾರು ದೀಪ ಇಟ್ಟಿದ್ದರು ಎನ್ನುತ್ತಾರೆ. ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ರಾತ್ರಿ ಮ್ಯಾಚ್ ನೋಡಿದ್ದೀರಲ್ವಾ? ನಾಲ್ಕು ಕಡೆ ದೀಪದ ಗೋಪುರ, ಪ್ರತಿ ಆಟಗಾರನ ಕಾಲಬುಡದಿಂದ ಹಲವು ನೆರಳು. ದೀಪ ಹೆಚ್ಚಾದರೆ ನೆರಳಿನ ಲೆಕ್ಕ ಹೆಚ್ಚುತ್ತದೆ. ಚಂದ್ರನ ಫೋಟೊಗಳಲ್ಲಿ ಪ್ರತಿಯೊಂದಕ್ಕೂ ಇರುವುದು ಒಂದೇ ನೆರಳು. ಅದು ಓರೆಯಾಗಿ ಕಾಣುವುದು ನೆಲ ಏರುತಗ್ಗು ಇರುವುದರಿಂದ, ಮತ್ತು ದೂರಕ್ಕೆ ಚಾಚಿದ ಗೆರೆಗಳು ಕ್ಯಾಮೆರಾದಲ್ಲಿ ಕೂಡುತ್ತಾ ಹೋಗುವುದರಿಂದ. ಸಂಜೆ ಬಿಸಿಲಲ್ಲಿ ಕಬ್ಬನ್ ಪಾರ್ಕಿನ ಮರಗಳ ನೆರಳನ್ನು ಫೋಟೊ ತೆಗೆದು ನೋಡಿ, ಗೊತ್ತಾಗುತ್ತದೆ.

"ಆರ್ಮ್‌ಸ್ಟ್ರಾಂಗ್ ಮೊದಲು ಇಳಿದರೆ ಅವರನ್ನು ಶೂಟ್ ಮಾಡಿದ್ದು ಯಾರು?" ಎಂಬುದೂ ಬರುತ್ತದೆ. ಲ್ಯಾಂಡರ್ ಪಕ್ಕದಲ್ಲಿ ಮಡಚಿಟ್ಟ ಒಂದು ಹಲಗೆಯಲ್ಲಿ ಕ್ಯಾಮೆರಾ ಕೂರಿಸಿದ್ದರು. ಏಣಿ ಇಳಿಯುವ ಮುಂಚೆ ಅವರೇ ಹಿಡಿ ಎಳೆದು ಅದನ್ನು ಬಿಚ್ಚಿದರು. ಅಪೊಲೊ 17 ಮೇಲೇರುವಾಗ ಕ್ಯಾಮೆರಾ ಹಿಂಬಾಲಿಸಿ ತಲೆ ಎತ್ತುತ್ತದಲ್ಲ, ಅದನ್ನು ತಿರುಗಿಸಿದ್ದು ಭೂಮಿಯ ಮೇಲೆ ಹ್ಯೂಸ್ಟನ್‌ನಲ್ಲಿ ಕೂತಿದ್ದವರು. ಆದೇಶ ಅಲ್ಲಿಗೆ ತಲುಪಲು ತಗಲುವ ಹೊತ್ತನ್ನು ಲೆಕ್ಕಹಾಕಿ, ಮುಂಚೆಯೇ ಆದೇಶ ಕಳಿಸಿದ್ದರು.

ಆದರೆ ಫೋಟೊ ಇಟ್ಟುಕೊಂಡು ವಾದ ಮಾಡಿದರೆ ಮುಗಿಯುವುದೇ ಇಲ್ಲ. ಒಂದಕ್ಕೆ ಉತ್ತರ ಕೊಟ್ಟರೆ ಇನ್ನೊಂದು ಬರುತ್ತದೆ. ಈಗಂತೂ ಯಾವ ಚಿತ್ರವನ್ನು ಬೇಕಾದರೂ ಕಂಪ್ಯೂಟರಿನಲ್ಲಿ ಮಾಡಬಹುದು. ಹಾಗಾಗಿ ಚಿತ್ರಕ್ಕಿಂತ ಆ ನೆಲದ ಮಣ್ಣು ಏನು ಹೇಳುತ್ತದೆ ಎಂದು ಕೇಳುವುದು ಮೇಲು.

ಧೂಳಿನಿಂದಲೇ ಶುರುಮಾಡೋಣ. ಅಪೊಲೊ 15, 16, 17ರಲ್ಲಿ ಗಗನಯಾತ್ರಿಗಳು ನಾಲ್ಕು ಚಕ್ರದ ಗಾಡಿ ಓಡಿಸಿದರು. 16ರಲ್ಲಿ ಜಾನ್ ಯಂಗ್ ಅದನ್ನು ಜೋರಾಗಿ ಓಡಿಸುವುದನ್ನು ಚಾರ್ಲಿ ಡ್ಯೂಕ್ ಚಿತ್ರೀಕರಿಸಿದರು. ಚಕ್ರದಿಂದ ಎದ್ದ ಧೂಳನ್ನು ಗಮನಿಸಿ. ಕಮಾನಿನಂತೆ ಮೇಲೆದ್ದು, ಹಾಗೇ ಕಮಾನಿನಂತೆ ಕೆಳಗೆ ಬೀಳುತ್ತದೆ. ಒಂದು ಕಣವೂ ತೇಲುವುದಿಲ್ಲ. ಬೇಸಿಗೆಯಲ್ಲಿ ಕನಕಪುರದ ಕಡೆಯ ಮಣ್ಣು ರಸ್ತೆಯಲ್ಲಿ ಬೈಕ್ ಹೋದರೆ ಧೂಳು ಮೋಡವಾಗಿ ನಿಂತುಬಿಡುತ್ತದೆ, ಯಾಕೆಂದರೆ ಗಾಳಿ ಅದನ್ನು ಹಿಡಿದುಕೊಳ್ಳುತ್ತದೆ. ಇದನ್ನು ಭೂಮಿಯ ಮೇಲೆ ಚಿತ್ರೀಕರಿಸಬೇಕಾದರೆ ಗಾಡಿ ಓಡಿಸುವಷ್ಟು ದೊಡ್ಡ ಮೈದಾನದಿಂದ ಗಾಳಿಯನ್ನೆಲ್ಲ ಹೊರಹಾಕಬೇಕು. "ಸ್ಲೋ ಮೋಷನ್ ಮಾಡಿದ್ದಾರೆ" ಅಂದರೂ ಆಗದು. ವೇಗ ತಗ್ಗಿಸಿದರೆ ಮೋಡ ನಿಧಾನವಾಗಿ ಏಳುತ್ತದೆ, ಮಾಯವಾಗುವುದಿಲ್ಲ. ಅಪೊಲೊ 15ರಲ್ಲಿ ಡೇವಿಡ್ ಸ್ಕಾಟ್ ಒಂದು ಸುತ್ತಿಗೆ, ಒಂದು ಗಿಡುಗದ ಗರಿ ಎರಡನ್ನೂ ಒಟ್ಟಿಗೆ ಕೈಬಿಟ್ಟರು, ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಅದಕ್ಕೂ ಇದೇ ಕಾರಣ.

ಲ್ಯಾಂಡರ್ ಕೆಳಗೆ ದೊಡ್ಡ ಗುಂಡಿ ಯಾಕೆ ಬಿದ್ದಿಲ್ಲ ಎನ್ನುವುದಕ್ಕೆ ಈಗ ನಮ್ಮ ಕೈಯಲ್ಲೇ ಉತ್ತರವಿದೆ. ಅಪೊಲೊ ಲ್ಯಾಂಡರಿನ ಎಂಜಿನ್ ಇಳಿಯುವ ಕೊನೆಯಲ್ಲಿ ಪೂರ್ತಿ ಬಲದಲ್ಲಿ ಇರುತ್ತಿರಲಿಲ್ಲ, ಮೂರನೇ ಒಂದು ಭಾಗದಷ್ಟಕ್ಕೆ ಇಳಿಸಿರುತ್ತಿದ್ದರು. ಅದರ ಬಾಯಿ ಒಂದೂವರೆ ಮೀಟರ್ ಹತ್ತಿರ ಅಗಲ. ಬಲವನ್ನು ಅಷ್ಟಗಲಕ್ಕೆ ಹಂಚಿದರೆ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಹತ್ತನೇ ಒಂದು ಭಾಗದಷ್ಟು. ಗುಂಡಿ ತೋಡಲು ಅದು ಸಾಲದು, ಮೇಲಿನ ಸಡಿಲ ಧೂಳನ್ನು ಸುತ್ತಲೂ ಗುಡಿಸಿಹಾಕಲು ಸಾಕು. ವಿಕ್ರಮ್ ಇಳಿದಾಗ ಆದದ್ದೂ ಇದೇ. ಚಂದ್ರಯಾನ-2ರ ಆರ್ಬಿಟರ್ ತೆಗೆದ ಇಳಿಯುವ ಮುಂಚಿನ ಮತ್ತು ಇಳಿದ ನಂತರದ ಚಿತ್ರಗಳನ್ನು ಇಸ್ರೋದವರು ಹೋಲಿಸಿದರು. ಸುಮಾರು 108 ಚದರ ಮೀಟರ್ ಜಾಗದಿಂದ 2.06 ಟನ್ ಧೂಳು ಹಾರಿಹೋಗಿ, ಲ್ಯಾಂಡರ್ ಸುತ್ತ ಹೊಳೆಯುವ ಒಂದು ಪ್ರಭಾವಳಿ ಮೂಡಿತ್ತು. ಗುಂಡಿ ಇಲ್ಲ, ಪ್ರಭಾವಳಿ ಇದೆ. ಅಪೊಲೊ 15 ಇಳಿದ ಜಾಗದಲ್ಲೂ ಇಂಥದೇ ಗುರುತನ್ನು 2008ರಲ್ಲಿ ಜಪಾನಿನ ಕಗುಯಾ ನೌಕೆ ಕಂಡಿತು. ಆ ಜಾಗದ ಕೆದರಿದ ಮಣ್ಣು ನಮ್ಮ ಚಂದ್ರಯಾನ-1ರ ಕ್ಯಾಮೆರಾಕ್ಕೂ ಸಿಕ್ಕಿತು.

ಕಕ್ಷೆಯಿಂದ ತೆಗೆದ ಚಿತ್ರಗಳ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. "ಅಷ್ಟು ದೊಡ್ಡ ದೂರದರ್ಶಕಗಳಿವೆ, ಧ್ವಜ ತೋರಿಸಿ ನೋಡೋಣ" ಎನ್ನುತ್ತಾರೆ. ಚಂದ್ರ ಇರುವುದು 3,84,000 ಕಿಲೋಮೀಟರ್ ದೂರದಲ್ಲಿ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯವರ 2.3 ಮೀಟರ್ ದೂರದರ್ಶಕ ತಮಿಳುನಾಡಿನ ಕಾವಲೂರಿನಲ್ಲಿದೆ. ಅಂಥದ್ದರಲ್ಲಿ ನೋಡಿದರೂ, ಗಾಳಿಯ ಅಲುಗಾಟದಿಂದಾಗಿ ಚಂದ್ರನ ಮೇಲೆ ಒಂದೆರಡು ಕಿಲೋಮೀಟರ್‌ಗಿಂತ ಚಿಕ್ಕದು ಬಿಡಿಬಿಡಿಯಾಗಿ ಕಾಣುವುದಿಲ್ಲ. ಗಾಳಿಯ ಆಚೆಗಿರುವ ಬಾಹ್ಯಾಕಾಶ ದೂರದರ್ಶಕ ಹಬಲ್‌ಗೂ ನೂರು ಮೀಟರ್ ಹತ್ತಿರದ ವಸ್ತುವೇ ಒಂದು ಚುಕ್ಕಿ. ಹತ್ತಿರ ಹೋಗಿಯೇ ನೋಡಬೇಕು. 2009ರಲ್ಲಿ ಹೋದ ಅಮೆರಿಕದ ಎಲ್‌ಆರ್‌ಒ ನೌಕೆ ಇಳಿದ ಜಾಗಗಳನ್ನೆಲ್ಲ ಚಿತ್ರಿಸಿದೆ, ನಡೆದ ಜಾಡೂ ಕಾಣುತ್ತದೆ. "ಅದೂ ನಾಸಾದ್ದೇ ಅಲ್ವಾ" ಅಂದರೆ ಸರಿ, ನಮ್ಮದನ್ನೇ ನೋಡಿ. ಚಂದ್ರಯಾನ-2ರ ಒಎಚ್‌ಆರ್‌ಸಿ ಕ್ಯಾಮೆರಾ 100 ಕಿಲೋಮೀಟರ್ ಎತ್ತರದಿಂದ ಕಾಲು ಮೀಟರ್ ಅಗಲದ್ದನ್ನೂ ಬೇರೆಯಾಗಿ ತೋರಿಸುತ್ತದೆ. 2021ರ ಏಪ್ರಿಲ್‌ನಲ್ಲಿ ಅದು ಅಪೊಲೊ 11ರ ಜಾಗವನ್ನು ಸೆರೆಹಿಡಿಯಿತು. ಅಲ್ಲೇ ಬಿಟ್ಟುಬಂದ ಲ್ಯಾಂಡರಿನ ಕೆಳಭಾಗ ಇಂದಿಗೂ ಇದ್ದಲ್ಲೇ ನಿಂತಿದೆ.

ಇನ್ನು ಲೇಸರ್ ಕನ್ನಡಿಗಳು. ಅಪೊಲೊ 11, 14, 15ರವರು ಬಿಟ್ಟುಬಂದ ಪ್ರತಿಫಲಕಗಳಿಗೆ ಇಂದಿಗೂ ಲೇಸರ್ ಬಿಟ್ಟು, ಎರಡೂವರೆ ಸೆಕೆಂಡಿನಲ್ಲಿ ವಾಪಸ್ ಬಂದ ಬೆಳಕನ್ನು ಅಳೆಯುತ್ತಾರೆ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಿದೆ ಎಂದು ನಿಖರವಾಗಿ ತಿಳಿದದ್ದು ಹೀಗೆ. ಬಹಳ ಜನ ಇದನ್ನೇ ಕೊನೆಯ ಸಾಕ್ಷಿ ಎಂದು ಮುಂದಿಡುತ್ತಾರೆ. ನನ್ನ ಪ್ರಕಾರ ಇದು ಅಷ್ಟು ಗಟ್ಟಿಯಲ್ಲ. ಸೋವಿಯತ್ ಒಕ್ಕೂಟ ತನ್ನ ಲೂನೊಖೋದ್ ಎಂಬ ಯಂತ್ರದ ಗಾಡಿಗಳ ಮೇಲೆ ಇಂಥದೇ ಪ್ರತಿಫಲಕ ಕಳಿಸಿತ್ತು. ವಿಕ್ರಮ್ ಮೇಲೂ ನಾಸಾ ಕೊಟ್ಟ ಒಂದು ಪುಟ್ಟ ಪ್ರತಿಫಲಕ ಇದೆ. ಅಲ್ಲಿ ಏನೋ ಇಳಿದಿದೆ ಎಂದಷ್ಟೇ ಇದು ಹೇಳುತ್ತದೆ, ಮನುಷ್ಯ ಇಳಿದ ಎಂದು ಹೇಳುವುದಿಲ್ಲ.

ಸೋವಿಯತ್ ಎಂದೆನಲ್ಲ, ಆ ಕಥೆ ಇನ್ನೂ ಗಟ್ಟಿ. ಅಪೊಲೊ 11 ಹೊರಡುವ ಮೂರು ದಿನ ಮುಂಚೆ ಅವರು ಲೂನಾ-15 ಎಂಬ ಯಂತ್ರವನ್ನು ಕಳಿಸಿದ್ದರು, ಮಣ್ಣು ತರಲು. ಆರ್ಮ್‌ಸ್ಟ್ರಾಂಗ್ ಮತ್ತು ಜೊತೆಗಾರ ಆಲ್ಡ್ರಿನ್ ಇನ್ನೂ ಚಂದ್ರನ ಮೇಲೆ ಇರುವಾಗಲೇ ಅದು ಅಪ್ಪಳಿಸಿ ಚೂರಾಯಿತು. ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್ ರೇಡಿಯೊ ದೂರದರ್ಶಕ ಎರಡೂ ನೌಕೆಗಳ ಸದ್ದನ್ನು ಕೇಳುತ್ತಿತ್ತು. ಹೀಗೆ ಕೇಳಿಸಿಕೊಳ್ಳುವುದರಲ್ಲಿ ಮೋಸಕ್ಕೆ ಜಾಗ ಕಡಿಮೆ. ಮೈಸೂರು ರಸ್ತೆಯ ಕಡೆ ಬ್ಯಾಲಾಳುವಿನಲ್ಲಿ ಇಸ್ರೋದ 32 ಮೀಟರ್ ಆಂಟೆನಾ ಇದೆ. ಚಂದ್ರಯಾನದ ಮಾತು ಅದಕ್ಕೆ ಕೇಳುವುದು ಚಂದ್ರ ನಮ್ಮ ದಿಗಂತದ ಮೇಲೆ ಇರುವಾಗ ಮಾತ್ರ, ಅದೂ ತಟ್ಟೆಯನ್ನು ಸರಿಯಾಗಿ ಚಂದ್ರನ ಕಡೆಗೇ ತಿರುಗಿಸಿದಾಗ. ಆರ್ಮ್‌ಸ್ಟ್ರಾಂಗ್ ಕಾಲಿಟ್ಟದ್ದು ನಮ್ಮ ಸಮಯ ಜುಲೈ 21ರ ಬೆಳಗ್ಗೆ 8 ಗಂಟೆ 26 ನಿಮಿಷಕ್ಕೆ. ಆಗ ಬೆಂಗಳೂರಿಗೆ ಚಂದ್ರ ಇನ್ನೂ ಹುಟ್ಟಿರಲಿಲ್ಲ. ಟಿವಿ ಸಂಕೇತ ಹಿಡಿದದ್ದು ಚಂದ್ರ ಕಾಣುತ್ತಿದ್ದ ಕ್ಯಾಲಿಫೋರ್ನಿಯಾ ಮತ್ತು ಆಸ್ಟ್ರೇಲಿಯಾದ ಆಂಟೆನಾಗಳು. ಅಲ್ಲಿಗೆ ತಟ್ಟೆ ತಿರುಗಿಸಿ ಕೂತವರು ಅಮೆರಿಕದವರಷ್ಟೇ ಆಗಿರಲಿಲ್ಲ. ಸುಳ್ಳಾಗಿದ್ದರೆ ಮರುದಿನ ಬೆಳಗ್ಗೆಯೇ ಜಗತ್ತಿಗೆ ಸಾರಲು ಮಾಸ್ಕೋಗೆ ಎಲ್ಲ ಕಾರಣವೂ ಇತ್ತು. ಅವರು ಸುಮ್ಮನಿದ್ದರು.

ಸಂದೇಹದವರು ಹೇಳುವ ಒಂದು ವಿಷಯ ಮಾತ್ರ ಪೂರ್ತಿ ನಿಜ. ಅಪೊಲೊ 11ರ ಮೂಲ ಟಿವಿ ಸಂಕೇತ ದಾಖಲಾಗಿದ್ದ ಟೇಪುಗಳು ಇಲ್ಲ. ಟೇಪಿನ ಕೊರತೆ ಬಂದಾಗ ಅಳಿಸಿ ಬೇರೆ ಕೆಲಸಕ್ಕೆ ಬಳಸಿರಬೇಕು ಎಂದು ನಾಸಾವೇ 2009ರಲ್ಲಿ ಹೇಳಿತು. ಪ್ರಸಾರವಾದ ವಿಡಿಯೊ ಉಳಿದಿದೆ, ಫಿಲ್ಮುಗಳು ಉಳಿದಿವೆ. ಆದರೂ ಇದು ದೊಡ್ಡ ಬೇಜವಾಬ್ದಾರಿ, ಅದರಲ್ಲಿ ಅನುಮಾನವೇ ಇಲ್ಲ. "ಮತ್ತೆ ಯಾಕೆ ಹೋಗಲಿಲ್ಲ?" ಎಂಬುದಕ್ಕೆ ಉತ್ತರ ದುಡ್ಡು. 1966ರಲ್ಲಿ ನಾಸಾ ಒಂದಕ್ಕೇ ಅಮೆರಿಕದ ಕೇಂದ್ರ ಬಜೆಟ್‌ನ ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು ಪಾಲು ಹೋಗುತ್ತಿತ್ತು. ರಷ್ಯಾವನ್ನು ಸೋಲಿಸಿದ ಮೇಲೆ ಅಷ್ಟು ಸುರಿಯಲು ಯಾರಿಗೂ ಮನಸ್ಸಿರಲಿಲ್ಲ, ಯೋಜಿಸಿದ್ದ ಅಪೊಲೊ 18, 19, 20 ರದ್ದಾದವು.

ಈಗ ಕಲ್ಲಿಗೆ ಬರೋಣ. ಆರು ಸಲ ಇಳಿದು, ಹನ್ನೆರಡು ಜನ ಸೇರಿ ತಂದದ್ದು 382 ಕಿಲೋ ಕಲ್ಲು ಮತ್ತು ಮಣ್ಣು. ಸೋವಿಯತ್ ಯಂತ್ರಗಳು ಮೂರು ಸಲ ಹೋಗಿ ತಂದದ್ದು ಎಲ್ಲ ಸೇರಿ ಅರ್ಧ ಕಿಲೋಗಿಂತ ಕಡಿಮೆ. 2020ರಲ್ಲಿ ಚೀನಾದ ಚಾಂಗ್'ಅ-5 ತಂದದ್ದು 1.7 ಕಿಲೋ. ಯಂತ್ರಗಳಿಂದ 382 ಕಿಲೋ ತರಿಸುವ ತಂತ್ರ ಆಗ ಯಾರ ಬಳಿಯೂ ಇರಲಿಲ್ಲ, ಈಗಲೂ ಇಲ್ಲ.

ಆದರೆ ತೂಕ ದೊಡ್ಡ ಮಾತಲ್ಲ. ಒಂದು ಕಲ್ಲನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಏನು ಕಾಣುತ್ತದೆ ನೋಡಿ. ಮೇಲ್ಮೈ ತುಂಬ ಗುಂಡುಸೂಜಿ ಮೊನೆಯಷ್ಟು, ಅದಕ್ಕಿಂತಲೂ ಸಣ್ಣ, ಕುಳಿಗಳು. ಪ್ರತಿ ಕುಳಿಯ ಒಳಗೂ ಗಾಜಿನ ಲೇಪ. ಸುತ್ತ ಕಲ್ಲು ಬಿರಿದು ಬೆಳ್ಳಗಾಗಿದೆ. ಮರಳಿನ ಕಣಕ್ಕಿಂತ ಸಣ್ಣ ಆಕಾಶದ ಧೂಳು ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಬಂದು ಬಡಿದು, ಆ ಶಾಖಕ್ಕೆ ಕಲ್ಲು ಕರಗಿ ಗಾಜಾಗಿರುವುದು ಇದು. ಭೂಮಿಗೆ ಬರುವ ಅಂಥ ಕಣಗಳು ಗಾಳಿಯಲ್ಲೇ ವೇಗ ಕಳೆದುಕೊಳ್ಳುತ್ತವೆ, ನೆಲದ ಕಲ್ಲಿನ ಮೇಲೆ ಹೀಗೆ ಬರೆಯಲಾರವು. ಇನ್ನೂ ಸೊಗಸೆಂದರೆ, ಹಲವು ಕಲ್ಲುಗಳಲ್ಲಿ ಕುಳಿಗಳು ಆಕಾಶಕ್ಕೆ ತೆರೆದಿದ್ದ ಮೇಲಿನ ಭಾಗದಲ್ಲಿ ಮಾತ್ರ ಇವೆ. ಮಣ್ಣಿನಲ್ಲಿ ಹೂತಿದ್ದ ಕೆಳಭಾಗ ನಯವಾಗಿದೆ.

ಒಳಗೆ ಹೋದರೆ ಇನ್ನೊಂದು ದಾಖಲೆ. ಬಾಹ್ಯಾಕಾಶದಿಂದ ಬರುವ ವೇಗದ ಕಣಗಳು, ಅಂದರೆ ಬ್ರಹ್ಮಾಂಡ ಕಿರಣಗಳು (ಕಾಸ್ಮಿಕ್ ಕಿರಣ), ಹರಳುಗಳ ಮೂಲಕ ಹಾದುಹೋದಾಗ ಕಣ್ಣಿಗೆ ಕಾಣದ ಗಾಯ ಮಾಡುತ್ತವೆ. ಹರಳನ್ನು ಉಜ್ಜಿ ನಯಮಾಡಿ, ರಾಸಾಯನಿಕದಲ್ಲಿ ಅದ್ದಿದರೆ ಆ ಗಾಯಗಳು ಸಣ್ಣ ಗೆರೆಗಳಾಗಿ ಕಾಣುತ್ತವೆ. ಎಣಿಸಿದರೆ ಆ ಕಲ್ಲು ಎಷ್ಟು ಲಕ್ಷ ವರ್ಷ ಬಯಲಿನಲ್ಲಿ ಬಿದ್ದಿತ್ತು ಎಂದು ಹೇಳಬಹುದು. ಈ ಕೆಲಸ ಮಾಡಿದವರಲ್ಲಿ ನಮ್ಮವರೂ ಇದ್ದಾರೆ. ವಿಜ್ಞಾನಿ ದೇವೇಂದ್ರ ಲಾಲ್ ಅವರ ತಂಡಕ್ಕೆ ಅಪೊಲೊ ಕಲ್ಲಿನ ಮಾದರಿಗಳು ಬಂದಿದ್ದವು. ಮೊದಲು ಮುಂಬೈನ ಮೂಲಭೂತ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಲ್ಲಿ, ಆಮೇಲೆ ಅಹಮದಾಬಾದಿನ ಭೌತ ಸಂಶೋಧನಾಲಯ ಪಿಆರ್‌ಎಲ್‌ನಲ್ಲಿ ಇವನ್ನು ಪರೀಕ್ಷಿಸಿದರು. 1971ರಲ್ಲಿ ಸೋವಿಯತ್‌ನವರು ಲೂನಾ-16ರ ಮಣ್ಣು ಕೊಟ್ಟು ಅಪೊಲೊ ಮಣ್ಣು ತೆಗೆದುಕೊಂಡರು. ತಮ್ಮ ಯಂತ್ರ ತಂದ ಮಣ್ಣು ಅವರ ಹತ್ತಿರವೇ ಇತ್ತು, ಪಕ್ಕಪಕ್ಕ ಇಟ್ಟು ನೋಡಿದರು. ಯಾವ ತಕರಾರೂ ಬರಲಿಲ್ಲ.

"ಅಂಟಾರ್ಕ್ಟಿಕಾದಲ್ಲಿ ಬಿದ್ದ ಉಲ್ಕೆ ಆರಿಸಿಕೊಂಡು ಬಂದು ತೋರಿಸಿದ್ದಾರೆ" ಎನ್ನುವವರೂ ಇದ್ದಾರೆ. ಚಂದ್ರನಿಂದ ಸಿಡಿದು ಭೂಮಿಗೆ ಬಿದ್ದ ಕಲ್ಲುಗಳು ಇರುವುದು ನಿಜ. ಆದರೆ ಹಾಗೆ ಬಿದ್ದ ಕಲ್ಲು ಚಂದ್ರನದ್ದೇ ಎಂದು ಮೊದಲ ಸಲ ಗುರುತಿಸಿದ್ದು 1982ರಲ್ಲಿ, ಅಂಟಾರ್ಕ್ಟಿಕಾದಲ್ಲಿ ಸಿಕ್ಕ ಒಂದು ಚೂರಿನಿಂದ. ಗುರುತಿಸಲು ಆದದ್ದು ಹೇಗೆ? ಅಪೊಲೊ ಕಲ್ಲುಗಳ ಜೊತೆ ಹೋಲಿಸಿದ್ದರಿಂದ. ಅಲ್ಲದೆ ಗಾಳಿಯನ್ನು ಸೀಳಿ ಬಂದ ಉಲ್ಕೆಯ ಹೊರಮೈ ಸುಟ್ಟು ಕರಗಿರುತ್ತದೆ. ಆ ಪುಟ್ಟ ಗಾಜಿನ ಕುಳಿಗಳು ಅದರಲ್ಲಿ ಉಳಿಯುವುದಿಲ್ಲ.

ನೀರಿನ ಕಥೆ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸುತ್ತದೆ. 1969ರಲ್ಲಿ ಪರೀಕ್ಷಿಸಿದವರು ಈ ಕಲ್ಲುಗಳಲ್ಲಿ ನೀರೇ ಇಲ್ಲ, ಒಳಗಿನ ಕಬ್ಬಿಣದ ಕಣಕ್ಕೂ ತುಕ್ಕು ಹಿಡಿದಿಲ್ಲ ಎಂದು ಬೆರಗಾದರು. ಆಮೇಲೆ 2009ರಲ್ಲಿ ಚಂದ್ರಯಾನ-1ರಲ್ಲಿದ್ದ ಉಪಕರಣ ಚಂದ್ರನ ನೆಲದಲ್ಲಿ ನೀರಿನ ಅಂಶ ಇದೆ ಎಂದಿತು. ಹಾಗಾದರೆ ಹಳೆಯ ಕಲ್ಲು ನಕಲಿಯೇ? ಅದರ ಹಿಂದಿನ ವರ್ಷವೇ, 2008ರಲ್ಲಿ, ಸೂಕ್ಷ್ಮ ಉಪಕರಣಗಳಿಂದ ಅಪೊಲೊ ತಂದ ಜ್ವಾಲಾಮುಖಿಯ ಗಾಜಿನ ಮಣಿಗಳನ್ನು ಮತ್ತೆ ನೋಡಿದಾಗ ಅವುಗಳ ಒಳಗೆ ನೀರಿನ ಅಂಶ ಸಿಕ್ಕಿತ್ತು, ಹತ್ತು ಲಕ್ಷದಲ್ಲಿ ಕೆಲವೇ ಭಾಗದಷ್ಟು. ಆ ಮಣಿಗಳು ಬಂದ ಕಾಲದಲ್ಲಿ ಅದನ್ನು ಅಳೆಯುವ ಯಂತ್ರವೇ ಇರಲಿಲ್ಲ. ನಕಲಿ ಮಾಡುವವನು ಮುಂದೆ ಮೂರೂವರೆ ದಶಕ ಬಿಟ್ಟು ಬರುವ ಯಂತ್ರಕ್ಕೆ ಕಾಣುವಷ್ಟು, ಅಂದಿನ ಯಂತ್ರಕ್ಕೆ ಕಾಣದಷ್ಟು ನೀರನ್ನು ಮಣಿಯೊಳಗೆ ತುಂಬಿಡಬೇಕಾಗಿತ್ತು!

ಅಪೊಲೊ 11ರ ಮಣ್ಣಿನಲ್ಲಿ ಕೆಲವು ಬಿಳಿ ಚೂರುಗಳಿದ್ದವು, ಬೇಳೆಗಿಂತ ಸಣ್ಣವು. ಇಳಿದ ಜಾಗವೆಲ್ಲ ಕಪ್ಪು ಕಲ್ಲು, ಇವು ಎಲ್ಲಿಂದ ಬಂದವು? ದೂರದ ಎತ್ತರದ ಪ್ರದೇಶದಿಂದ ಸಿಡಿದು ಬಂದಿರಬೇಕು ಎಂದು 1970ರಲ್ಲಿ ಕೆಲವರು ಊಹಿಸಿದರು. ಹಾಗಿದ್ದರೆ ಚಂದ್ರ ಹುಟ್ಟಿದಾಗ ಕರಗಿದ ಕಲ್ಲಿನ ಸಮುದ್ರದಂತೆ ಇದ್ದಿರಬೇಕು, ಹಗುರ ಹರಳುಗಳು ಮೇಲೆ ತೇಲಿ ಹೊರಪದರ ಆಗಿರಬೇಕು, ಎತ್ತರದ ನೆಲವೆಲ್ಲ ಇದೇ ಬಿಳಿ ಕಲ್ಲಿನದ್ದಾಗಿರಬೇಕು. ದಕ್ಷಿಣ ಧ್ರುವದ ಕಡೆ ಯಾರೂ ಇಳಿದಿರಲಿಲ್ಲ, ಅಲ್ಲಿನ ಮಾತು ಊಹೆಯಾಗೇ ಉಳಿಯಿತು. 2023ರಲ್ಲಿ ಚಂದ್ರಯಾನ-3ರ 26 ಕಿಲೋ ತೂಕದ ಪ್ರಜ್ಞಾನ್ ಗಾಡಿ ಅಲ್ಲಿ, 69 ಡಿಗ್ರಿ ದಕ್ಷಿಣದಲ್ಲಿ, ಸುಮಾರು 100 ಮೀಟರ್ ಓಡಾಡಿ 23 ಕಡೆ ಮಣ್ಣಿನ ಲೆಕ್ಕ ತೆಗೆಯಿತು. ಪೀಣ್ಯದ ನಿಯಂತ್ರಣ ಕೇಂದ್ರದಿಂದ ಅದನ್ನು ನಡೆಸಿದರು, ಪಿಆರ್‌ಎಲ್‌ನವರು ಮಾಡಿದ ಉಪಕರಣ ಅಳೆಯಿತು. ಸಿಕ್ಕಿದ್ದು ಬಹುಪಾಲು ಆ ಬಿಳಿ ಕಲ್ಲಿನ ಮಣ್ಣೇ. 2024ರಲ್ಲಿ ಪ್ರಕಟವಾದ ಆ ಫಲಿತಾಂಶ ಹಳೆಯ ಊಹೆಗೆ ಹೊಂದಿಕೊಂಡಿತು.

ಮುಂದಿನದು ಚಂದ್ರಯಾನ-4. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಈ ಸಲ ಮಣ್ಣನ್ನೇ ಇಲ್ಲಿಗೆ ತರುವ ಯೋಜನೆ. ಬಂದ ಮೇಲೆ ನಮ್ಮ ಪ್ರಯೋಗಾಲಯಗಳಲ್ಲಿ ಅದನ್ನು ಹೋಲಿಸಿ ನೋಡಲು ಮೊದಲು ತೆರೆಯುವುದು ಅಪೊಲೊ ಕಲ್ಲುಗಳ ದಾಖಲೆಯನ್ನೇ.